ಗಿರಣಿಯ ಕೀಲಿಕೈ ಯಾರ ಕೈಗೆ?

1949ರ ಜುಲೈ 27ರಂದು ಸೊಲ್ಲಾಪುರದ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ ಒಂದು ನೋಟಿಸು ಹೊರಡಿಸಿತು. ಇನ್ನೊಂದು ತಿಂಗಳಿಗೆ, ಅಂದರೆ ಆಗಸ್ಟ್ 27ಕ್ಕೆ, ಗಿರಣಿ ಬಂದ್. ನೂತ ನೂಲು, ನೇಯ್ದ ಬಟ್ಟೆ ಗೋದಾಮಿನಲ್ಲಿ ಮಾರಾಟವಾಗದೆ ಉಳಿದಿತ್ತು. ಕೈಯಲ್ಲಿ ರೊಕ್ಕ ಇರಲಿಲ್ಲ. ಹೇಳಿದ ದಿನಕ್ಕೆ ಸರಿಯಾಗಿ ಗಿರಣಿ ನಿಂತಿತು. ಕನ್ನಡ, ಮರಾಠಿ, ತೆಲುಗು ಮೂರೂ ಮಾತುಗಳು ಒಂದೇ ಓಣಿಯಲ್ಲಿ ಕೇಳಿಬರುವ ಆ ಊರಿನಲ್ಲಿ ಕೂಲಿಯನ್ನೇ ನಂಬಿದ್ದ ಸಾವಿರಾರು ಮನೆಗಳಿಗೆ ಗಣೇಶ ಚವತಿಯ ಹೊತ್ತಿಗೆ ದುಡಿಮೆ ಇಲ್ಲದಂತಾಯಿತು.

ಹಾವೇರಿಯವರು ಸೊಲ್ಲಾಪುರದ ಕತೆ ಏಕೆ ಓದಬೇಕು ಎಂದು ಕೇಳುವವರಿಗೆ ಒಂದು ಸಂಗತಿ ನೆನಪಿಸಬೇಕು. ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಧಾರವಾಡ ಜಿಲ್ಲೆಯ ಊರುಗಳು, ಮತ್ತು ಧಾರವಾಡ ಜಿಲ್ಲೆ ಸೊಲ್ಲಾಪುರದಂತೆಯೇ ಮುಂಬಯಿ ಸರ್ಕಾರದ ಕೈಕೆಳಗೆ ಇತ್ತು. 1956ರ ನವೆಂಬರ್ 1ರವರೆಗೂ ಹಾಗೇ ನಡೆಯಿತು. ಹಾವೇರಿ ತಾನೇ ಜಿಲ್ಲೆಯಾದದ್ದು ಬಹಳ ಕಾಲದ ಮೇಲೆ, 1997ರ ಆಗಸ್ಟ್ 24ಕ್ಕೆ. ಸರ್ಕಾರ ಒಂದೇ ಆಗಿದ್ದಷ್ಟೇ ಅಲ್ಲ, ಬೆಳೆಯೂ ಈ ಊರುಗಳನ್ನು ಗಿರಣಿಗಳಿಗೆ ಕಟ್ಟಿಹಾಕಿತ್ತು. ಬ್ಯಾಡಗಿಗೆ ಮೆಣಸಿನಕಾಯಿ ಹೇಗೋ, ಹಾವೇರಿ–ರಾಣೆಬೆನ್ನೂರು ಸೀಮೆಯ ಎರೆ ಹೊಲಗಳಿಗೆ ಹತ್ತಿ ಹಾಗೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಹುಬ್ಬಳ್ಳಿಯಿಂದ ಹರಿಹರದತ್ತ ಸಾಗಿದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರಕ್ಕೂ ಸ್ಟೇಶನ್ ಸಿಕ್ಕಿತು. ಗದಗ–ಹೊಟಗಿ ಮಾರ್ಗ ಈ ಸೀಮೆಯನ್ನು ಸೊಲ್ಲಾಪುರಕ್ಕೆ ಜೋಡಿಸಿತು.

ಹತ್ತಿಯ ವ್ಯವಹಾರ ಬಲ್ಲವರಿಗೆ ಆ ಸರಪಳಿ ಗೊತ್ತು. ಮಾಗಿ ಕಳೆದು ಬಿಸಿಲು ಏರತೊಡಗಿದಾಗ ಹೊಲದಲ್ಲಿ ಹತ್ತಿ ಬಿಡಿಸುತ್ತಾರೆ. ಅಂಡಿಗೆ ತುಂಬಿ ಚಕ್ಕಡಿ ಹೇರಿ ಪ್ಯಾಟಿಗೆ ತರುತ್ತಾರೆ. ದಲಾಲಿ ಅಂಗಡಿಯವರು ತೂಗಿ ಪಟ್ಟಿ ಬರೆಯುತ್ತಾರೆ, ಮುಂಗಡ ಕೊಟ್ಟಿದ್ದನ್ನು ಮುರಿದುಕೊಳ್ಳುತ್ತಾರೆ, ಉಳಿದದ್ದನ್ನು ಸ್ವಲ್ಪ ಕೈಗೆ, ಸ್ವಲ್ಪ ಉದ್ರಿಗೆ ಹಚ್ಚುತ್ತಾರೆ. ಅಲ್ಲಿಂದ ಜಿನ್ನಿಂಗ್ ಫ್ಯಾಕ್ಟರಿ, ಅಲ್ಲಿಂದ ಗಿರಣಿ. ಪ್ರತಿ ಹೆಜ್ಜೆಯಲ್ಲೂ ಯಾರೋ ಒಬ್ಬರು ಮತ್ತೊಬ್ಬರಿಗೆ ಉದ್ರಿ ಕೊಟ್ಟಿರುತ್ತಾರೆ. ಆದ್ದರಿಂದ ಗಿರಣಿಯೊಂದು ನಿಂತರೆ ನಷ್ಟ ಅದರ ಕಂಪೌಂಡಿನೊಳಗೆ ಉಳಿಯುವುದಿಲ್ಲ, ಅದು ಹತ್ತಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಹೊಲದ ಬದುವಿಗೆ ಬಂದು ಮುಟ್ಟುತ್ತದೆ. ಸೋತ ಕಂಪನಿಯ ಆಡಳಿತವನ್ನು ಹೊರಗಿನವನೊಬ್ಬನ ಕೈಗೆ ಕೊಡುವ ಕಾನೂನಿನ ಇತಿಹಾಸವನ್ನು ನಾನು ಓದುವುದು ಈ ಬದುವಿನ ಮೇಲೆ ನಿಂತು.

ಸೊಲ್ಲಾಪುರಕ್ಕೆ ಮರಳೋಣ. ಗಿರಣಿ ನಿಂತು ಒಂದೂವರೆ ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ ಮೊದಲ ವಾರದಲ್ಲಿ ಸರ್ಕಾರ ಒಬ್ಬ ಕಂಟ್ರೋಲರನನ್ನು ನೇಮಿಸಿತು. 1946ರ ಅವಶ್ಯಕ ವಸ್ತುಗಳ ಕಾಯ್ದೆಯಡಿ ಅವನ ಕೆಲಸ ಮೇಲುಸ್ತುವಾರಿ ಮಾತ್ರ, ಒಡೆತನವಲ್ಲ. ಬಟ್ಟೆಗೆ ಆಗ ದೇಶದಲ್ಲಿ ಬರ ಇತ್ತು, ಅದಕ್ಕೇ ಬಟ್ಟೆಯ ಗಿರಣಿ ನಿಲ್ಲುವುದು ಸರ್ಕಾರದ ತಲೆನೋವೂ ಆಗಿತ್ತು. ಕಂಟ್ರೋಲರನು ಲೆಕ್ಕದ ಪುಸ್ತಕ ತೆರೆದು ನೋಡಿದಾಗ ಒಂದು ದಾರಿ ಕಂಡಿತು. ಕಂಪನಿಯ ಬಂಡವಾಳ 48 ಲಕ್ಷ ರೂಪಾಯಿ. ಅದರಲ್ಲಿ ಸಾವಿರ ರೂಪಾಯಿಯ 1,590 ಮತ್ತು ಐನೂರರ 20 ಸಾಮಾನ್ಯ ಶೇರುಗಳು ಪೂರ್ತಿ ಪಾವತಿಯಾಗಿದ್ದವು. ಆದರೆ ನೂರು ರೂಪಾಯಿಯ 32,000 ಪ್ರಿಫರೆನ್ಸ್ ಶೇರುಗಳ ಮೇಲೆ ಬರೀ ಐವತ್ತು ಐವತ್ತು ಕಟ್ಟಿಸಿಕೊಂಡಿದ್ದರು. ಉಳಿದ ಐವತ್ತನ್ನು ಕೇಳಿ ತರಿಸಿದರೆ ಹದಿನಾರು ಲಕ್ಷ ಕೈಗೆ ಬರುತ್ತದೆ, ಗಿರಣಿ ಮತ್ತೆ ತಿರುಗುತ್ತದೆ. ಕಂಟ್ರೋಲರನು ಡೈರೆಕ್ಟರುಗಳಿಗೆ ಹಾಗೆ ಮಾಡಿ ಎಂದ. ಅವರು ಅದು ಕಂಪನಿಯ ಹಿತಕ್ಕಲ್ಲ ಎಂದು ಒಲ್ಲೆ ಎಂದರು.

ಇಲ್ಲಿ ಮೇಲುಸ್ತುವಾರಿಯ ಮಿತಿ ಬಯಲಾಯಿತು. ಸಲಹೆ ಕೊಡಬಲ್ಲವನು ಸಹಿ ಹಾಕಲಾರ. ಸಹಿಯ ಅಧಿಕಾರ ಇದ್ದವರು ಹಾಕಲೊಲ್ಲರು. ಗಿರಣಿ ಮಾತ್ರ ನಿಂತೇ ಇತ್ತು.

1950ರ ಜನವರಿ 9ರಂದು, ಸಂವಿಧಾನ ಜಾರಿಗೆ ಬರಲು ಹದಿನೇಳು ದಿನ ಇರುವಾಗ, ಗವರ್ನರ್ ಜನರಲ್ ಒಂದು ಸುಗ್ರೀವಾಜ್ಞೆ ಹೊರಡಿಸಿದರು. ಒಂದೇ ಒಂದು ಕಂಪನಿಗಾಗಿ ಮಾಡಿದ ಕಾನೂನು ಅದು. ದುರಾಡಳಿತದಿಂದ ಅವಶ್ಯಕ ವಸ್ತುವಿನ ಉತ್ಪಾದನೆಗೆ ಧಕ್ಕೆಯಾಗಿದೆ, ಜನ ನಿರುದ್ಯೋಗಿಗಳಾಗಿದ್ದಾರೆ ಎಂಬುದು ಅದರ ಪೀಠಿಕೆ. ಏಪ್ರಿಲ್‌ನಲ್ಲಿ ಸಂಸತ್ತು ಅದನ್ನೇ 1950ರ 28ನೇ ಕಾಯ್ದೆಯಾಗಿ ಮಾಡಿತು. ಅದು ಕೊಟ್ಟ ಅಧಿಕಾರಗಳು ಎಷ್ಟು ಆಳಕ್ಕೆ ಹೋದವೆಂದರೆ, ಇವತ್ತಿನವರೆಗೂ ಈ ಬಗೆಯ ಕಾನೂನುಗಳೆಲ್ಲ ಅದರ ಅಚ್ಚಿನಲ್ಲೇ ಬರುತ್ತಿವೆ. ಸರ್ಕಾರ ತನ್ನ ಡೈರೆಕ್ಟರುಗಳನ್ನು ನೇಮಿಸಿದ ಕ್ಷಣ ಹಳೆಯ ಡೈರೆಕ್ಟರುಗಳು ಹುದ್ದೆ ಬಿಟ್ಟಂತೆ. ಮ್ಯಾನೇಜಿಂಗ್ ಏಜೆಂಟರ ಜೊತೆಗಿನ ಕರಾರು ಮುರಿದಂತೆ. ಆಸ್ತಿ, ಪುಸ್ತಕ, ಬ್ಯಾಂಕು ಎಲ್ಲ ಹೊಸಬರ ವಶ. ಶೇರುದಾರರು ಸಭೆ ಸೇರಿ ಬೇರೆ ಡೈರೆಕ್ಟರನನ್ನು ಆರಿಸುವಂತಿಲ್ಲ. ಅವರು ಮಾಡಿದ ಠರಾವು ಸರ್ಕಾರ ಒಪ್ಪಿದರೆ ಮಾತ್ರ ಠರಾವು. ಕಂಪನಿಯನ್ನು ಮುಚ್ಚಿಸಿ ಎಂದು ಯಾರೂ ಸರ್ಕಾರದ ಅನುಮತಿ ಇಲ್ಲದೆ ಕೋರ್ಟಿಗೆ ಹೋಗುವಂತಿಲ್ಲ. ಈ ಅಧಿಕಾರಗಳು ಮುಂಬಯಿ ಸರ್ಕಾರಕ್ಕೆ ವಹಿಸಿಕೊಡಲ್ಪಟ್ಟವು, ಅದು ಹೊಸ ಡೈರೆಕ್ಟರುಗಳನ್ನು ಕೂಡಿಸಿತು.

ಫೆಬ್ರವರಿ 7ರಂದು ಹೊಸ ಮಂಡಳಿ ಠರಾವು ಮಾಡಿ ಪ್ರಿಫರೆನ್ಸ್ ಶೇರೊಂದಕ್ಕೆ ಐವತ್ತು ರೂಪಾಯಿ ಕಟ್ಟಬೇಕೆಂದು ಕೇಳಿತು. ಹಳಬರು ಒಲ್ಲೆ ಎಂದ ಅದೇ ಐವತ್ತು. ಆ ಹೊತ್ತಿಗೆ ನಮ್ಮ ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ. ಗಿರಣಿಗೆ ರೊಕ್ಕ ಬಂದರೆ ಹತ್ತಿಗೆ ಗಿರಾಕಿ, ಇಲ್ಲದಿದ್ದರೆ ಅಂಡಿಗೆ ಅಂಗಡಿಯಲ್ಲೇ.

ನೋಟಿಸು ಹೋದವರಲ್ಲಿ ದ್ವಾರಕಾದಾಸ್ ಶ್ರೀನಿವಾಸ್ ಎಂಬುವರೂ ಒಬ್ಬರು. ಅವರ ಪಾಲಿಗೆ ಬಂದ ಬಾಕಿ ಸುಮಾರು 1,62,000 ರೂಪಾಯಿ. ಅವರು ಮಾರ್ಚಿನಲ್ಲಿ ದಾವೆ ಹೂಡಿದರು. ಇತ್ತ ಚರಣಜಿತ್ ಲಾಲ್ ಚೌಧರಿ ಎಂಬ ಇನ್ನೊಬ್ಬ ಶೇರುದಾರರು ಹೊಸದಾಗಿ ಹುಟ್ಟಿದ ಸುಪ್ರೀಂ ಕೋರ್ಟಿಗೆ ನೇರ ಹೋದರು. ಒಂದೇ ಕಾಯ್ದೆ, ಎರಡು ಮೊಕದ್ದಮೆ, ಎರಡು ಬೇರೆ ಬೇರೆ ಫಲ. 1950ರ ಡಿಸೆಂಬರ್ 4ರಂದು ಚರಣಜಿತ್ ಲಾಲರ ಅರ್ಜಿ ಬಿತ್ತು. ಒಂದೇ ಕಂಪನಿಗಾಗಿ ಕಾನೂನು ಮಾಡಿದ್ದು ಸಮಾನತೆಗೆ ವಿರುದ್ಧ ಎಂಬ ವಾದವನ್ನು ಬಹುಮತ ಒಪ್ಪಲಿಲ್ಲ. ಪತಂಜಲಿ ಶಾಸ್ತ್ರಿ ಮತ್ತು ಎಸ್.ಆರ್. ದಾಸ್ ಇಬ್ಬರು ಮಾತ್ರ ಭಿನ್ನವಾಗಿ ಬರೆದರು. ಮೂರು ವರ್ಷದ ಮೇಲೆ, 1953ರ ಡಿಸೆಂಬರ್ 18ರಂದು, ದ್ವಾರಕಾದಾಸರ ಮೇಲ್ಮನವಿಯಲ್ಲಿ ಕೋರ್ಟು ತಿರುಗಿ ನಿಂತಿತು. ಕಾಳನ್ನೆಲ್ಲ ತೂರಿಕೊಂಡು ಹೋಗಿ ಒಡೆಯನಿಗೆ ಹೊಟ್ಟು ಬಿಟ್ಟರೆ ಅದನ್ನು ಆಡಳಿತದ ಮೇಲುಸ್ತುವಾರಿ ಎನ್ನಲಾಗದು, ಅದು ಆಸ್ತಿ ಕಿತ್ತುಕೊಂಡಂತೆಯೇ ಸರಿ. ಪರಿಹಾರ ಕೊಡದೆ ಹಾಗೆ ಮಾಡುವಂತಿಲ್ಲ ಎಂಬುದು ತೀರ್ಪಿನ ಅರ್ಥ.

ದೆಹಲಿ ಅದಕ್ಕೆ ಸಂವಿಧಾನವನ್ನೇ ತಿದ್ದಿ ಉತ್ತರ ಕೊಟ್ಟಿತು. 1955ರ ನಾಲ್ಕನೇ ತಿದ್ದುಪಡಿ 31ಎ ವಿಧಿಯಲ್ಲಿ ಹೊಸ ಮಾತು ಸೇರಿಸಿತು: ಸಾರ್ವಜನಿಕ ಹಿತಕ್ಕಾಗಲಿ ಸರಿಯಾದ ಆಡಳಿತಕ್ಕಾಗಲಿ, ಮಿತವಾದ ಅವಧಿಗೆ ಒಂದು ಆಸ್ತಿಯ ಆಡಳಿತವನ್ನು ಸರ್ಕಾರ ವಹಿಸಿಕೊಂಡರೆ ಅದನ್ನು ಮೂಲಭೂತ ಹಕ್ಕಿನ ಹೆಸರಿನಲ್ಲಿ ಪ್ರಶ್ನಿಸುವಂತಿಲ್ಲ. ಸೊಲ್ಲಾಪುರದ ಒಂದು ಗಿರಣಿಯ ಬೀಗ ಐದು ವರ್ಷದಲ್ಲಿ ದೇಶದ ಸಂವಿಧಾನದವರೆಗೂ ಹೋಯಿತು. ಈ ಐದು ವರ್ಷದ ವಾದವಿವಾದವನ್ನು ಓದಿದರೆ ಒಂದು ಮಾತು ಮನಸ್ಸಿಗೆ ನಾಟುತ್ತದೆ. ಕೋರ್ಟಿನೊಳಗೆ ಶೇರುದಾರನ ಹಕ್ಕಿನ ಬಗ್ಗೆ ಪುಟಗಟ್ಟಲೆ ಬರೆದರು, ಕೂಲಿಕಾರನ ನಿರುದ್ಯೋಗ ಪೀಠಿಕೆಯಲ್ಲಾದರೂ ಬಂತು. ಆದರೆ ಗಿರಣಿಗೆ ಹತ್ತಿ ಕೊಟ್ಟು ರೊಕ್ಕಕ್ಕೆ ಕಾದವನಿಗೆ ಆ ವಾದದಲ್ಲಿ ಜಾಗವೇ ಇರಲಿಲ್ಲ.

ಅವನಿಗೆ ಬೇರೆ ಕಡೆ ಒಂದು ಜಾಗ ಇತ್ತು, ಅದನ್ನು ಹೇಳದೆ ಮುಂದೆ ಹೋಗುವುದು ನಮ್ಮ ಸೀಮೆಗೆ ಮಾಡಿದ ಅನ್ಯಾಯ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು, ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಎದ್ದಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘ ಆಯಿತು. ದಲಾಲಿಯ ಕೈಗೆ ಸಿಕ್ಕುವ ಬದಲು ರೈತರೇ ಒಟ್ಟಾಗಿ ಹತ್ತಿ ತೂಗಿ ಮಾರಲೆಂದು. 1916ರಲ್ಲಿ ಧಾರವಾಡದ ಕೆ.ಸಿ.ಸಿ. ಬ್ಯಾಂಕು. ಇಂದಿಗೂ ಹಾವೇರಿ ಜಿಲ್ಲೆಯ ಪತ್ತಿನ ಸಂಘಗಳಿಗೆ ಅದೇ ಮೇಲಿನ ಬ್ಯಾಂಕು. ಹೊಲದವನು ತಾನೇ ಸದಸ್ಯನಾದ ಸಂಸ್ಥೆಗಳು ಇವು.

ಇವಕ್ಕೂ ಸೋಲು ಬರುತ್ತದೆ, ಬಂದಾಗ ಹೊರಗಿನ ಅಧಿಕಾರಿ ಬರುತ್ತಾನೆ. ಮೊದಲ ಕಾಯ್ದೆಯಲ್ಲೇ ರಿಜಿಸ್ಟ್ರಾರನಿಗೆ ಸಂಘದ ನೋಂದಣಿ ರದ್ದು ಮಾಡುವ ಅಧಿಕಾರ ಇತ್ತು. ರದ್ದಾದ ಸಂಘದ ಲೆಕ್ಕ ತೀರಿಸಲು ಸಮಾಪನಾಧಿಕಾರಿ ಬರುತ್ತಿದ್ದ. 1930ರ ದಶಕದಲ್ಲಿ ಪೇಟೆ ಧಾರಣೆ ಕುಸಿದಾಗ ಹಳ್ಳಿಯ ಎಷ್ಟೋ ಸಂಘಗಳು ಆ ದಾರಿ ಹಿಡಿದವು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 30ನೇ ಕಲಂ ಇನ್ನೂ ನೇರ: ಆಡಳಿತ ಮಂಡಳಿ ಕೆಲಸದಲ್ಲಿ ಎಡವುತ್ತಿದ್ದರೆ, ಸಂಘದ ಹಿತಕ್ಕೆ ವಿರುದ್ಧ ನಡೆದರೆ, ಮಂಡಳಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ಕೂಡಿಸಬಹುದು. ಮಂಡಳಿಗಿದ್ದ ಅಧಿಕಾರವೆಲ್ಲ ಅವನಿಗೆ, ಮೇಲೆ ರಿಜಿಸ್ಟ್ರಾರರ ಹತೋಟಿ. ಸಹಕಾರ ಸಂಘಗಳಲ್ಲಿ ದುಡಿದ ಯಾರನ್ನು ಕೇಳಿದರೂ ಈ ಅಧಿಕಾರದ ಎರಡು ಮುಖವನ್ನೂ ಹೇಳುತ್ತಾರೆ. ಪುಸ್ತಕ ಸರಿಮಾಡಿ, ಬಾಕಿ ವಸೂಲು ಮಾಡಿ, ಚುನಾವಣೆ ನಡೆಸಿ ಹೋದ ಅಧಿಕಾರಿಯೂ ಉಂಟು; ರಾಜಕೀಯದ ಕಾರಣಕ್ಕೆ ಬಂದು ಅವಧಿಯ ಮೇಲೆ ಅವಧಿ ಕೂತ ಅಧಿಕಾರಿಯೂ ಉಂಟು. 2011ರ 97ನೇ ತಿದ್ದುಪಡಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಹೀಗೆ ಆಡಳಿತ ಹಿಡಿದಿಡಬಾರದೆಂದದ್ದು ಈ ಕಾರಣಕ್ಕೇ. ರಾಜ್ಯಗಳ ಸಹಕಾರ ಸಂಘಗಳ ಮಟ್ಟಿಗೆ ಆ ತಿದ್ದುಪಡಿ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ, ಆದರೆ ಅದು ಎತ್ತಿದ ಪ್ರಶ್ನೆ ಸರಿಯಾದದ್ದೇ.

ಹಾವೇರಿ ತಾಲ್ಲೂಕಿನ ಸಂಗೂರಿನ ಸಕ್ಕರೆ ಕಾರ್ಖಾನೆಯೂ ರೈತರ ಶೇರಿನಿಂದ ಎದ್ದ ಸಹಕಾರಿ ಕಾರ್ಖಾನೆಯೇ. ಅದು ಕಷ್ಟಕ್ಕೆ ಸಿಕ್ಕಿದಾಗ ಮಾರಾಟವಾಗಲಿಲ್ಲ, ಗುತ್ತಿಗೆಗೆ ಹೋಯಿತು; ಇವತ್ತು ಅದನ್ನು ನಡೆಸುವುದು ಜಿ.ಎಂ. ಶುಗರ್ಸ್. ಕಬ್ಬಿನವನಿಗೆ ಹತ್ತಿಯವನಿಗಿಲ್ಲದ ಒಂದು ಆಸರೆ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತೂಗಿಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ, ಅದೂ ಬರದಿದ್ದರೆ ಭೂ ಕಂದಾಯದ ಬಾಕಿಯಂತೆ ವಸೂಲಿ. ಬಾಕಿಗಾಗಿ ಬೆಳೆಗಾರರು ಬೀದಿಗಿಳಿಯುವುದು ನಿಂತಿಲ್ಲ, ಆದರೂ ಕೈಯಲ್ಲಿ ಹಿಡಿದು ತೋರಿಸಲು ಒಂದು ಕಾಗದ ಅವರ ಬಳಿ ಇದೆ.

ಕಂಪನಿಗಳ ಕಡೆಗೆ ಬಂದರೆ, ಸೊಲ್ಲಾಪುರದ ಪಾಠವನ್ನು ಸರ್ಕಾರ ಶಾಶ್ವತ ಕಾನೂನಾಗಿ ಬರೆದಿಟ್ಟಿತು. 1951ರ ಕೈಗಾರಿಕೆಗಳ ಕಾಯ್ದೆಗೆ 1953ರಲ್ಲಿ ಹೊಸ ಅಧ್ಯಾಯ ಸೇರಿ 18ಎ ಕಲಂ ಬಂತು. ಇನ್ನು ಒಂದೊಂದು ಗಿರಣಿಗೆ ಒಂದೊಂದು ಸುಗ್ರೀವಾಜ್ಞೆ ಬೇಡ. ಮೊದಲು 15ನೇ ಕಲಮಿನಡಿ ತನಿಖೆ, ಆಮೇಲೆ ಸಾರ್ವಜನಿಕ ಹಿತಕ್ಕೆ ತೀರ ಹಾನಿಯಾಗುವಂತೆ ಆಡಳಿತ ನಡೆದಿದೆ ಎಂದು ಕಂಡರೆ 18ಎ ಆದೇಶ. ಹೀಗೆ ಬಂದವನ ಹೆಸರು ಆಥರೈಸ್ಡ್ ಕಂಟ್ರೋಲರ್. ಸೊಲ್ಲಾಪುರದಲ್ಲಿ ಕಂಡ ಅಧಿಕಾರಗಳೆಲ್ಲ ಅವನಿಗಿವೆ, ಜೊತೆಗೆ ಒಂದು ಹೊಸದು: ಹಿಂದಿನವರು ದುರುದ್ದೇಶದಿಂದ ಮಾಡಿಕೊಂಡ, ಕಾರ್ಖಾನೆಗೆ ಹಾನಿಯಾಗುವ ಕರಾರುಗಳನ್ನು ರದ್ದು ಮಾಡಿ ಎಂದು ಕೋರ್ಟಿಗೆ ಹೋಗಬಲ್ಲ. ಇದು ಒಳ್ಳೆಯ ಅಧಿಕಾರ. ಕಾರ್ಖಾನೆ ಸೋಲುವ ಮುನ್ನ ಅದರ ಒಡೆಯರು ತಮ್ಮವರಿಗೇ ಅಗ್ಗಕ್ಕೆ ಮಾರಿ, ತಮ್ಮವರಿಂದಲೇ ದುಬಾರಿಗೆ ಕೊಂಡು ಒಳಗಿಂದ ತಿರುಳು ತೆಗೆದಿರುವುದು ಹೊಸ ಕತೆಯಲ್ಲ. 1971ರಲ್ಲಿ ಸೇರಿದ 18ಎಫ್‌ಬಿ ಮಾತ್ರ ಬಹಳ ಕಠಿಣ. ಸರ್ಕಾರ ಅಧಿಸೂಚನೆ ಹೊರಡಿಸಿ ವಹಿಸಿಕೊಂಡ ಕಾರ್ಖಾನೆಯ ಹಳೆಯ ಕರಾರು, ಹೊಣೆಗಳನ್ನು ವರ್ಷದಿಂದ ವರ್ಷಕ್ಕೆ ತಡೆಹಿಡಿಯಬಹುದು. ಕಾರ್ಖಾನೆಗೆ ಉಸಿರಾಡಲು ಬಿಡುವು ಸಿಕ್ಕಿತು ನಿಜ. ಆದರೆ ಹಳೆಯ ಹೊಣೆ ಎಂದರೆ ಅದರಲ್ಲಿ ಉದ್ರಿ ಹತ್ತಿಯ ಬಾಬತ್ತೂ ಸೇರಿತು.

ಕರ್ನಾಟಕದಲ್ಲಿ ಈ ಕಲಂ ದೊಡ್ಡ ಸುದ್ದಿಯಾದದ್ದು ಬೆಂಗಳೂರಿನ ಮಿನರ್ವ ಮಿಲ್ಸಿನಿಂದ. 1970ರ ಆಗಸ್ಟ್ 20ರಂದು ಕೇಂದ್ರ ಸರ್ಕಾರ ತನಿಖಾ ಸಮಿತಿ ನೇಮಿಸಿತು. 1971ರ ಅಕ್ಟೋಬರ್ 19ರ ಆದೇಶದಂತೆ ಮಿಲ್ಲಿನ ಆಡಳಿತ ನ್ಯಾಷನಲ್ ಟೆಕ್ಸ್‌ಟೈಲ್ ಕಾರ್ಪೊರೇಷನ್ನಿನ ಕೈಗೆ ಹೋಯಿತು. ಎನ್‌ಟಿಸಿ 1968ರಲ್ಲಿ ಇಂಥ ಸೋತ ಗಿರಣಿಗಳಿಗಾಗಿಯೇ ಹುಟ್ಟಿದ ಸರ್ಕಾರಿ ಸಂಸ್ಥೆ. ಆ ಕಾಲದ ಬಟ್ಟೆ ಗಿರಣಿಗಳ ಸ್ಥಿತಿ ನೋಡಿ: 1972ರಲ್ಲಿ ಒಂದೇ ಏಟಿಗೆ 46 ಗಿರಣಿಗಳ ಆಡಳಿತ ಸರ್ಕಾರಕ್ಕೆ ಬಂತು, 1974ರ ಕಾಯ್ದೆಯಿಂದ ಒಟ್ಟು 103 ಗಿರಣಿಗಳು ರಾಷ್ಟ್ರೀಕರಣವಾದವು. ನಮ್ಮ ಕಡೆಯವು ಮಿನರ್ವ, ಬೆಂಗಳೂರಿನ ಮೈಸೂರು ಸ್ಪಿನ್ನಿಂಗ್ ಮಿಲ್, ಕಲಬುರಗಿಯ ಎಂ.ಎಸ್.ಕೆ. ಮಿಲ್, ರಾಣೆಬೆನ್ನೂರಿನಿಂದ ನದಿ ದಾಟಿ ಹೋದರೆ ಸಿಗುವ ದಾವಣಗೆರೆಯ ತೋಳಹುಣಸೆಯ ಎಲ್ಲಮ್ಮ ಕಾಟನ್ ಮಿಲ್. ಮಿತವಾದ ಅವಧಿಗೆ ಎಂದು ಹಿಡಿದ ಕೀಲಿಕೈಯನ್ನು ಸರ್ಕಾರ ಒಡೆಯರಿಗೆ ಹಿಂದಿರುಗಿಸಲಿಲ್ಲ. ಮಿತ ಅವಧಿ ಎಂಬ ಮಾತಿನ ಮೇಲೆಯೇ 1955ರ ತಿದ್ದುಪಡಿ ನಿಂತಿತ್ತು ಎಂಬುದು ಇಲ್ಲಿ ಮರೆಯಬಾರದ ಸಂಗತಿ.

ಮಿನರ್ವದ ಒಡೆಯರು ಸುಪ್ರೀಂ ಕೋರ್ಟಿಗೆ ಹೋದರು, ನಾನಿ ಪಾಲ್ಖಿವಾಲಾ ಅವರ ಪರ ವಾದಿಸಿದರು. ಆ ಹೊತ್ತಿಗೆ ರಾಷ್ಟ್ರೀಕರಣದ ಕಾಯ್ದೆಯನ್ನು ಒಂಬತ್ತನೇ ಷೆಡ್ಯೂಲಿಗೆ ಸೇರಿಸಿದ್ದರು, ತುರ್ತುಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಸಂಸತ್ತಿನ ಕೈಗೆ ಮಿತಿಯೇ ಇಲ್ಲದ ಅಧಿಕಾರ ಕೊಟ್ಟಿತ್ತು. ಹಾಗಾಗಿ ಗಿರಣಿಯ ಪ್ರಶ್ನೆ ಕೇಳಲು ಮೊದಲು ಸಂವಿಧಾನದ ಪ್ರಶ್ನೆ ದಾಟಬೇಕಾಯಿತು. ವೈ.ವಿ. ಚಂದ್ರಚೂಡರ ಐದು ಜನರ ಪೀಠ 1980ರಲ್ಲಿ ಆ ತಿದ್ದುಪಡಿಯ 4 ಮತ್ತು 55ನೇ ಕಲಂಗಳನ್ನು ಹೊಡೆದುಹಾಕಿತು. ಸಂವಿಧಾನವನ್ನು ತಿದ್ದುವ ಅಧಿಕಾರವೂ ಮಿತವಾದದ್ದೇ, ಆ ಮಿತಿಯೇ ಸಂವಿಧಾನದ ಮೂಲ ರಚನೆಯ ಭಾಗ ಎಂದಿತು. ಕಾನೂನು ಕಾಲೇಜಿನ ಹುಡುಗರು ಇಂದು ಮಿನರ್ವ ಎಂದರೆ ಇಷ್ಟನ್ನೇ ಹೇಳುತ್ತಾರೆ. ಮಿಲ್ಲಿನದೇ ಮೊಕದ್ದಮೆ ಮುಗಿದದ್ದು 1986ರ ಸೆಪ್ಟೆಂಬರ್ 9ಕ್ಕೆ, ಒಡೆಯರು ಸೋತರು, ಮಿಲ್ಲು ಎನ್‌ಟಿಸಿಯಲ್ಲೇ ಉಳಿಯಿತು.

ಆಡಳಿತ ವಹಿಸಿಕೊಳ್ಳುವ ಮುನ್ನ ಒಡೆಯನ ಮಾತು ಕೇಳಬೇಕೋ ಬೇಡವೋ? ತುರ್ತಾಗಿ ವಹಿಸಿಕೊಳ್ಳುವ 18ಎಎ ಕಲಂ ಈ ಬಗ್ಗೆ ಸುಮ್ಮನಿತ್ತು. ಕಾನಪುರದ ಸ್ವದೇಶಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ 1981ರ ಜನವರಿಯಲ್ಲಿ ಬಹುಮತದ ತೀರ್ಪು ಕೇಳಲೇಬೇಕು ಎಂದಿತು. ಮುಂದಿನ ವರ್ಷ, 1982ರ ಡಿಸೆಂಬರ್‌ನಲ್ಲಿ, ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಕಂಪನಿ ಮುಚ್ಚುವ ಅರ್ಜಿಯಲ್ಲಿ ಕಾರ್ಮಿಕರ ಮಾತನ್ನೂ ಕೇಳಬೇಕೆಂದರು. 1985ರಲ್ಲಿ ಕಂಪನಿ ಕಾಯ್ದೆಗೆ 529ಎ ಸೇರಿ, ಮುಚ್ಚಿದ ಕಂಪನಿಯ ಆಸ್ತಿ ಮಾರಿದಾಗ ಕಾರ್ಮಿಕರ ಬಾಕಿ ಬ್ಯಾಂಕಿನ ಒತ್ತೆ ಸಾಲಕ್ಕೆ ಸರಿಸಮವಾಗಿ ನಿಂತಿತು. ದುಡಿದವನಿಗೆ ಕುರ್ಚಿ ಸಿಕ್ಕಲು ಸೊಲ್ಲಾಪುರದಿಂದ ಮೂವತ್ತೈದು ವರ್ಷ ಹಿಡಿಯಿತು. ಬರಬೇಕಾದದ್ದೇ ಬಂತು, ತಡವಾಗಿ ಬಂತು.

ಎನ್‌ಟಿಸಿ ಗಿರಣಿಗಳ ಮುಂದಿನ ಗತಿ ಒಳ್ಳೆಯದಾಗಲಿಲ್ಲ. ಹಳೆಯ ಯಂತ್ರ, ದೂರದ ಕಚೇರಿ, ಪ್ರತಿ ನಿರ್ಧಾರಕ್ಕೂ ಮೇಲಿನ ಅನುಮತಿ. ಕಲಬುರಗಿಯಲ್ಲಿ ಎಂ.ಎಸ್.ಕೆ. ಮಿಲ್ ಇಂದು ಒಂದು ಬಡಾವಣೆಯ ಗುರುತು. ಮಿನರ್ವದ ಹೆಸರು ಹಾಸನದಲ್ಲಿ ಕಟ್ಟಿದ ನ್ಯೂ ಮಿನರ್ವ ಮಿಲ್ಲಿಗೆ ಹೋಯಿತು. 2020ರ ಲಾಕ್‌ಡೌನಿನಲ್ಲಿ ಅದೂ ನಿಂತಿತು. ಆಡಳಿತಾಧಿಕಾರಿಗೆ ಎಷ್ಟೇ ಅಧಿಕಾರ ಕೊಟ್ಟರೂ ಹೊಸ ಯಂತ್ರಕ್ಕೆ ಬಂಡವಾಳ ಕೊಡದಿದ್ದರೆ ಅವನು ಕಾವಲುಗಾರನಷ್ಟೇ ಆಗುತ್ತಾನೆ. ಈ ತಪ್ಪು ವ್ಯಕ್ತಿಗಳದ್ದಲ್ಲ, ಕಾನೂನು ಅಧಿಕಾರವನ್ನು ಎಣಿಸಿತು, ರೊಕ್ಕವನ್ನು ಎಣಿಸಲಿಲ್ಲ.

ಹೊಳೆಯ ಆಚೆ ದಡದ ಕತೆ ರಾಣೆಬೆನ್ನೂರಿನವರಿಗೆ ಹೆಚ್ಚು ಹತ್ತಿರದ್ದು. ತುಂಗಭದ್ರೆ ಒಂದು ಕಾಲಕ್ಕೆ ಮುಂಬಯಿ ಪ್ರಾಂತಕ್ಕೂ ಮೈಸೂರು ಸಂಸ್ಥಾನಕ್ಕೂ ಗಡಿ. ಆಚೆ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಎದ್ದಿತು, ಈಚೆ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್. ಕಿರ್ಲೋಸ್ಕರ್ ಲೇತ್ ಎಂದರೆ ದೇಶದ ವರ್ಕ್‌ಶಾಪುಗಳಲ್ಲಿ ಮಾತಿಲ್ಲದೆ ನಂಬುವ ಯಂತ್ರ. ಅಲ್ಲಿ ಫಿಟ್ಟರ್, ಟರ್ನರ್ ಕೆಲಸ ಸಿಕ್ಕಿದರೆ ಮನೆಯ ದಿಕ್ಕೇ ಬದಲಾದಂತೆ ಎಂದು ಎರಡೂ ದಡದ ಜನ ಎಣಿಸುತ್ತಿದ್ದ ಕಾಲ ಇತ್ತು. ಆ ಕಂಪನಿ ಸೋಲುವ ಹೊತ್ತಿಗೆ ಕಾನೂನು ಬೇರೆಯಾಗಿತ್ತು. 1985ರ ರೋಗಗ್ರಸ್ತ ಕೈಗಾರಿಕೆಗಳ ಕಾಯ್ದೆಯಂತೆ, ಕೂಡಿಬಂದ ನಷ್ಟ ಕಂಪನಿಯ ಸ್ವಂತ ಬಂಡವಾಳವನ್ನೆಲ್ಲ ನುಂಗಿದಾಗ ಪ್ರಕರಣ ಬಿಐಎಫ್‌ಆರ್ ಎಂಬ ಮಂಡಳಿಗೆ ಹೋಗಬೇಕು. ಅಲ್ಲಿರುವಷ್ಟು ದಿನ, 22ನೇ ಕಲಮಿನ ಪ್ರಕಾರ, ಮಂಡಳಿ ಒಪ್ಪದೆ ಯಾರೂ ವಸೂಲಿ ಮಾಡುವಂತಿಲ್ಲ. ಹಳೆಯ ಆಡಳಿತವೇ ಕುರ್ಚಿಯಲ್ಲಿ ಮುಂದುವರಿಯಬಹುದು. ವರ್ಷಗಳು ಕಳೆಯುತ್ತವೆ, ಯಂತ್ರಕ್ಕೆ ತುಕ್ಕು ಹಿಡಿಯುತ್ತದೆ, ಒಳ್ಳೆಯ ಕೆಲಸಗಾರ ಬೇರೆ ಊರಿಗೆ ಹೋಗುತ್ತಾನೆ, ಕೊನೆಗೆ ಮಂಡಳಿ ಮುಚ್ಚುವುದೇ ಲೇಸೆಂದು ಹೈಕೋರ್ಟಿಗೆ ಬರೆಯುತ್ತದೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರು ಕಿರ್ಲೋಸ್ಕರ್ ನಿಂತುಹೋಗಿ, ಮುಂದೆ ಹೈಕೋರ್ಟಿನ ಅಧಿಕೃತ ಸಮಾಪನಾಧಿಕಾರಿಯ ಕೈಸೇರಿತು. ಸಮಾಪನಾಧಿಕಾರಿಯ ಅಧಿಕಾರ ಕಂಟ್ರೋಲರನ ಅಧಿಕಾರಕ್ಕಿಂತ ಬೇರೆ. ಅವನು ಆಸ್ತಿಯ ಪಟ್ಟಿ ಮಾಡುತ್ತಾನೆ, ಕಾವಲು ಹಾಕುತ್ತಾನೆ, ಕೋರ್ಟಿನ ಒಪ್ಪಿಗೆಯಿಂದ ಹರಾಜು ಹಾಕುತ್ತಾನೆ, ಬಂದದ್ದನ್ನು ಸಾಲಿನ ಪ್ರಕಾರ ಹಂಚುತ್ತಾನೆ. ಯಂತ್ರ ತಿರುಗಿಸುವುದು ಅವನ ಕೆಲಸವಲ್ಲ.

2016ರ ಡಿಸೆಂಬರ್ 1ಕ್ಕೆ ಬಿಐಎಫ್‌ಆರ್ ಕಾಲ ಮುಗಿಯಿತು. ಅದೇ ವರ್ಷ ಬಂದ ದಿವಾಳಿ ಸಂಹಿತೆ ಕೀಲಿಕೈಯನ್ನು ಮತ್ತೆ ಹೊರಗಿನವನ ಕೈಗೆ ಕೊಟ್ಟಿತು, ಈ ಸಲ ಸರ್ಕಾರದ ಪರವಾಗಿ ಅಲ್ಲ, ಸಾಲ ಕೊಟ್ಟವರ ಪರವಾಗಿ. ಕಂಪನಿ ಕಾನೂನು ನ್ಯಾಯಮಂಡಳಿ ಅರ್ಜಿ ಅಂಗೀಕರಿಸಿದ ದಿನದಿಂದ ಡೈರೆಕ್ಟರುಗಳ ಅಧಿಕಾರ ಅಮಾನತು. ನ್ಯಾಯಮಂಡಳಿ ನೇಮಿಸಿದ ವೃತ್ತಿಪರನೇ ಬ್ಯಾಂಕ್ ಖಾತೆ ನಡೆಸುತ್ತಾನೆ, ಸಿಬ್ಬಂದಿ ಅವನಿಗೇ ಉತ್ತರ ಕೊಡಬೇಕು, ಕಂಪನಿಯನ್ನು ನಿಲ್ಲದಂತೆ ನಡೆಸಬೇಕು. ಕಂಪನಿಯ ಮೇಲಿನ ದಾವೆ, ವಸೂಲಿ ಎಲ್ಲಕ್ಕೂ ತಡೆ. ಒಡೆಯರು ತಮ್ಮ ಬಳಗಕ್ಕೆ ಕಳೆದ ಎರಡು ವರ್ಷದಲ್ಲಿ, ಹೊರಗಿನವರಿಗೆ ಒಂದು ವರ್ಷದಲ್ಲಿ ಪಕ್ಷಪಾತ ಮಾಡಿ ಕೊಟ್ಟದ್ದನ್ನು ಹಿಂದಕ್ಕೆ ತರಿಸಲು ಅವನು ಅರ್ಜಿ ಹಾಕಬಹುದು. ಆದರೆ ದೊಡ್ಡ ಹೊಸ ಸಾಲ, ಒತ್ತೆ, ಬಂಡವಾಳದ ಬದಲಾವಣೆ ಇಂಥವಕ್ಕೆ ಸಾಲ ಕೊಟ್ಟವರ ಸಮಿತಿಯಲ್ಲಿ ನೂರಕ್ಕೆ 66ರ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ಮತ ಹಾಕುವವರು ಬ್ಯಾಂಕು ಮತ್ತು ಸಾಲ ಕೊಟ್ಟ ಸಂಸ್ಥೆಗಳು. ಸರಕು ಕೊಟ್ಟವರ ಬಾಕಿ ಒಟ್ಟು ಸಾಲದ ನೂರಕ್ಕೆ 10 ಮುಟ್ಟಿದರೆ ಅವರ ಪ್ರತಿನಿಧಿ ಸಭೆಗೆ ಬಂದು ಕೂರಬಹುದು, ಕೈ ಎತ್ತುವಂತಿಲ್ಲ. ಕೊನೆಗೆ ಆಸ್ತಿ ಮಾರಿ ಹಂಚುವಾಗಲೂ ಅವರದು ಬ್ಯಾಂಕು, ಕಾರ್ಮಿಕರು, ಸರ್ಕಾರದ ಬಾಕಿ ಎಲ್ಲದರ ನಂತರದ ಸಾಲು, ಶೇರುದಾರರಿಗಿಂತ ತುಸು ಮುಂದೆ. 1974ರ ರಾಷ್ಟ್ರೀಕರಣ ಕಾಯ್ದೆಯ ಪಟ್ಟಿಯಲ್ಲೂ ಗಿರಣಿಯ ಹಳೆಯ ವ್ಯಾಪಾರದ ಉದ್ರಿಗೆ ಸಿಕ್ಕಿದ್ದು ಕೊನೆಯ ಜಾಗವೇ.

ಸಾಲು ಬದಲಿಸಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2018ರಲ್ಲಿ ಇದೇ ಸಂಹಿತೆಯನ್ನು ತಿದ್ದಿ, ಫ್ಲ್ಯಾಟಿಗೆ ಮುಂಗಡ ಕಟ್ಟಿ ಕಾದ ಮನೆ ಖರೀದಿದಾರರನ್ನು ಹಣದ ಸಾಲ ಕೊಟ್ಟವರೆಂದು ಒಪ್ಪಿದರು. ಸಾವಿರಾರು ಜನ ಒಂದೊಂದಾಗಿ ಸಭೆಗೆ ಬರಲಾರರೆಂದು ಅವರೆಲ್ಲರ ಪರವಾಗಿ ಮತ ಹಾಕಲು ಒಬ್ಬ ಅಧಿಕೃತ ಪ್ರತಿನಿಧಿಯ ವ್ಯವಸ್ಥೆಯೂ ಆಯಿತು. ಇವತ್ತು ರಾಣೆಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆ ದೊಡ್ಡ ಕಸುಬು. ನೆರಳು ಪರದೆಯ ಕೆಳಗೆ ಹೆಣ್ಣುಮಕ್ಕಳು ಹೂವಿನಿಂದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಟೊಮೆಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡುತ್ತಾರೆ. ಬೀಜ ಕಂಪನಿಗೆ ಹೋಗುತ್ತದೆ, ಮೊಳಕೆ ಪರೀಕ್ಷೆ ಪಾಸಾದ ಮೇಲೆ ಹಣ. ಈ ನಡುವಿನ ತಿಂಗಳುಗಳಲ್ಲಿ ಆ ಮನೆಯವರು ಕಂಪನಿಗೆ ಸಾಲ ಕೊಟ್ಟವರೇ ತಾನೆ? ಅಂಥ ಕಂಪನಿಯೊಂದು ಈ ನಡುವೆ ದಿವಾಳಿಗೆ ಹೋದರೆ ಅವರು ಸಮಿತಿಯಲ್ಲಿ ಮತವಿಲ್ಲದವರು. ಮನೆ ಖರೀದಿದಾರರಿಗೆ ಮಾಡಿದಂತೆ ಬೆಳೆಗಾರರಿಗೂ ಒಬ್ಬ ಅಧಿಕೃತ ಪ್ರತಿನಿಧಿ, ಒಂದು ಮತ ಕೊಡಬೇಕು. ಕಬ್ಬಿಗೆ ಇರುವ ಹದಿನಾಲ್ಕು ದಿನದಂಥ ಗಡುವು ಬೀಜಕ್ಕೂ ಹತ್ತಿಗೂ ಬರಬೇಕು.

ಅಲ್ಲಿಯವರೆಗೆ ಇರುವ ಕಾನೂನಿನಲ್ಲೇ ಮಾಡಬಹುದಾದದ್ದೊಂದಿದೆ. ಕಂಪನಿಯ ಕೀಲಿಕೈ ವೃತ್ತಿಪರನ ಕೈಗೆ ಬಂದಾಗ ಅವನು ಪತ್ರಿಕೆಯಲ್ಲಿ, ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ, ಸಾರ್ವಜನಿಕ ಪ್ರಕಟಣೆ ಕೊಡಲೇಬೇಕು. ತನ್ನ ನೇಮಕವಾದ ದಿನದಿಂದ 14 ದಿನದೊಳಗೆ ಬಾಕಿ ಬರಬೇಕಾದವರು ದಾಖಲೆ ಸಮೇತ ಹಕ್ಕು ಮಂಡಿಸಬೇಕೆಂದು ಅದರಲ್ಲಿ ಇರುತ್ತದೆ. ಸರಕು ಕೊಟ್ಟವರಿಗೆ ಫಾರ್ಮ್ ಬಿ. ತೂಕದ ಚೀಟಿ, ಕಂಪನಿಯ ಏಜೆಂಟನು ಬರೆದುಕೊಟ್ಟ ಕರಾರು, ಬ್ಯಾಂಕ್ ಪಾಸ್‌ಬುಕ್ಕಿನ ಹಿಂದಿನ ಜಮೆಗಳು, ಇವೇ ದಾಖಲೆ. ಪತ್ತಿನ ಸಂಘದ ಕಾರ್ಯದರ್ಶಿಯೊಬ್ಬರು ಊರಿನವರ ಚೀಟಿಗಳನ್ನೆಲ್ಲ ಕೂಡಿಸಿ ಒಟ್ಟಿಗೆ ಕಳಿಸಿದರೆ, ನೂರಕ್ಕೆ ಹತ್ತರ ಗೆರೆ ದಾಟುವ ಸಾಧ್ಯತೆ ಒಬ್ಬೊಬ್ಬರೇ ಹೋಗುವುದಕ್ಕಿಂತ ಎಷ್ಟೋ ಹೆಚ್ಚು.